ಪರದೇಶದ ಓದಿನ ನಡುವೆ ಕೇಕ್ ಮೇಲೊಂದು ರಂಗೋಲಿ: ಸಿರಸಿಯ ಅಡುಗೆಮನೆಯಿಂದಲೇ ಶುರುಮಾಡುವ ಬಗೆ

ಸೆಪ್ಟೆಂಬರಿಗೆ ವಿಮಾನ ಹತ್ತುವ ನಮ್ಮ ಕಡೆಯ ಹುಡುಗ ಹುಡುಗಿಯರ ಮಳೆಗಾಲ ಹೇಗಿರುತ್ತದೆ ಅಂತ ನನಗೆ ಗೊತ್ತು. ವೀಸಾಕ್ಕೆ ಕಾಯುವುದು, ಸಾಲದ ಕಾಗದಕ್ಕೆ ಬ್ಯಾಂಕಿಗೆ ಅಲೆಯುವುದು, ಹೊರಗೆ ಬಿಡದೆ ಹೊಯ್ಯುವ ಸಿರಸಿ ಮಳೆ, ಒಳಗೆ ಅಪ್ಪೆಮಿಡಿ ಎಷ್ಟು ಡಬ್ಬಿ ಕಟ್ಟಬೇಕೆಂದು ಅಮ್ಮನ ಲೆಕ್ಕಾಚಾರ. ಈ ಖಾಲಿ ಸಮಯದಲ್ಲೇ ಒಂದು ಕೈಕೆಲಸ ಕಲಿತು ಹೋಗಿ ಎನ್ನುವುದು ನನ್ನ ಸಲಹೆ. ಕೇಕ್ ಬೇಯಿಸುವುದಲ್ಲ, ಕೇಕ್ ಅಲಂಕರಿಸುವುದು. ಎರಡೂ ಬೇರೆ ವಿದ್ಯೆ.

ನಾನು ಹೋಗಿದ್ದು ಇಂಗ್ಲೆಂಡಿನ ಶೆಫೀಲ್ಡಿಗೆ, ಒಂದು ವರ್ಷದ ಎಂಎಸ್ಸಿಗೆ. ನವೆಂಬರ್ ಕೊನೆಗೆ ಅಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲು. ಅಸೈನ್‌ಮೆಂಟು ತಲೆಯೊಳಗೆ ಗಿರಕಿ ಹೊಡೆಯುತ್ತ ನಿದ್ದೆ ಬರುತ್ತಿರಲಿಲ್ಲ. ಒಂದು ರಾತ್ರಿ ಫ್ಲಾಟಿನಲ್ಲಿದ್ದ ಹುಡುಗಿಯೊಬ್ಬಳು ಗೆಳತಿಯ ಹುಟ್ಟುಹಬ್ಬಕ್ಕೆ ಕೇಕ್ ಮಾಡುತ್ತ, 'ನಿಮ್ಮ ದೇಶದವರಿಗೆ ಮೆಹೆಂದಿ ಬರುತ್ತದಲ್ಲ' ಎಂದು ಕ್ರೀಮ್ ತುಂಬಿದ ಚೀಲವನ್ನು ನನ್ನ ಕೈಗಿಟ್ಟಳು. ನನಗೆ ಮೆಹೆಂದಿ ಬರುತ್ತಿರಲಿಲ್ಲ. ಆದರೆ ಅಕ್ಕನ ಮದುವೆಗೆ ಕೋನ್ ತುಂಬಿಸಿಕೊಟ್ಟ ಕೈ ಇದು, ಚಕ್ಕುಲಿ ಒರಳನ್ನು ಅಮ್ಮನಿಗೆ ಒತ್ತಿಕೊಟ್ಟ ಕೈ. ಒಂದು ನಕ್ಷತ್ರ ಬಿತ್ತು, ಇನ್ನೊಂದು ಬಿತ್ತು, ಮೂರನೆಯದು ಸೊಟ್ಟಗಾಯಿತು. ಅವಳು ಚಾಕುವಿನಲ್ಲಿ ಅದನ್ನು ಕೆರೆದು ವಾಪಸ್ ಚೀಲಕ್ಕೆ ತುಂಬಿ, 'ಮತ್ತೆ ಹಾಕು' ಅಂದಳು.

ಈ ಹವ್ಯಾಸದ ಗುಟ್ಟು ಪೂರ್ತಿ ಆ ಕೆರೆಯುವುದರಲ್ಲಿದೆ. ಅಂಗಳದ ರಂಗೋಲಿ ಬೆಳಿಗ್ಗೆ ಬಿದ್ದು ಮರುದಿನ ಸಗಣಿನೀರಿನಲ್ಲಿ ಹೋಗುತ್ತದಲ್ಲ, ಹಾಗೆ. ಸಬ್ಮಿಟ್ ಮಾಡಬೇಕಿಲ್ಲ, ಯಾರೂ ಅಂಕ ಕೊಡುವುದಿಲ್ಲ. ಅದಕ್ಕೇ ಮೊದಲ ಒಂದು ತಿಂಗಳು ಕೇಕ್ ಬೇಯಿಸಲೇಬೇಡಿ ಅನ್ನುತ್ತೇನೆ. ಹೆಚ್ಚಿನವರು ಬೇಯಿಸುವುದರಿಂದ ಶುರುಮಾಡಿ, ಪಾತ್ರೆ ತೊಳೆಯುವಷ್ಟರಲ್ಲಿ ಸುಸ್ತಾಗಿ, ಕ್ರೀಮ್ ಹಚ್ಚುವ ಹೊತ್ತಿಗೆ ಬೇಸರಗೊಂಡಿರುತ್ತಾರೆ.

ಹೊರಡುವ ಮುಂಚೆ: ಬಟಾಟೆ ಮತ್ತು ಮಗುಚಿದ ಬಟ್ಟಲು

ಕ್ರೀಮಿನ ಬದಲು ಚೀಲಕ್ಕೆ ತುಂಬಿ ಕೈ ಪಳಗಿಸಲು ಬೇಕಾದದ್ದು ನಾಲ್ಕು ಬಟಾಟೆ. ಸಿಪ್ಪೆ ತೆಗೆದು ಚೆನ್ನಾಗಿ ಬೇಯಿಸಿ, ಬಿಸಿಯಿರುವಾಗಲೇ ಜರಡಿಯಲ್ಲಿ ಉಜ್ಜಿ ಇಳಿಸಿ, ಸ್ವಲ್ಪ ಹಾಲು ಸೇರಿಸಿ ಮೆತ್ತಗೆ ಮಾಡಿ. ಗಂಟು ಉಳಿದರೆ ನಾಜಲ್, ಅಂದರೆ ಚೀಲದ ತುದಿಗೆ ಹಾಕುವ ಲೋಹದ ಮೂತಿ, ಕಟ್ಟಿಕೊಳ್ಳುತ್ತದೆ, ಹಾಗಾಗಿ ಜರಡಿಯ ಕೆಲಸದಲ್ಲಿ ಸೋಮಾರಿತನ ಬೇಡ. ಚಮಚ ಮೇಲೆತ್ತಿದಾಗ ತುದಿಯಲ್ಲಿ ಸಣ್ಣ ಕೊಕ್ಕೆ ನಿಂತು ಮೆಲ್ಲಗೆ ಬಾಗಿದರೆ ಹದ ಬಂತು. ಅಭ್ಯಾಸ ಮುಗಿದ ಮೇಲೆ ಅದೇ ಬಟಾಟೆಗೆ ಒಗ್ಗರಣೆ ಕೊಟ್ಟು ತಿನ್ನಬಹುದು. ನಮ್ಮನೆಯಲ್ಲಿ ಅದಕ್ಕೆ ಆಯಿ, ಅಂದರೆ ಅಮ್ಮ, ಇಟ್ಟ ಹೆಸರು 'ಹೂವಿನ ಪಲ್ಯ'.

ಬಟಾಟೆಯಲ್ಲಿ ಕೈ ಕುದುರಿದ ಮೇಲೆ ಅಭ್ಯಾಸದ ಕ್ರೀಮ್ ಮಾಡಿಕೊಳ್ಳಿ: 200 ಗ್ರಾಂ ವನಸ್ಪತಿಗೆ 300 ಗ್ರಾಂ ಸಕ್ಕರೆಪುಡಿ ಹಾಕಿ ಬೆಳ್ಳಗಾಗುವ ತನಕ ತಿರುವಿ. ಗಟ್ಟಿಯೆನಿಸಿದರೆ ಒಂದೊಂದೇ ಚಮಚ ನೀರು. ತಿನ್ನಲು ರುಚಿಯಿಲ್ಲ, ಆದರೆ ಮಳೆಗಾಲದ ಸಿರಸಿಯಲ್ಲಿ ಕರಗುವುದಿಲ್ಲ, ಮುಚ್ಚಿಟ್ಟರೆ ವಾರಗಟ್ಟಲೆ ಅದನ್ನೇ ಕೆರೆದು ಕೆರೆದು ಬಳಸಬಹುದು. ಮಿಕ್ಸಿಯಲ್ಲಿ ಪುಡಿಮಾಡಿದ ಸಕ್ಕರೆಯಾದರೆ ತೆಳುಬಟ್ಟೆಯಲ್ಲಿ ಜರಡಿ ಹಿಡಿಯಲೇಬೇಕು. ಒಂದೇ ಒಂದು ಹರಳು ಸಣ್ಣ ನಾಜಲಿನ ಬಾಯಿಗೆ ಸಿಕ್ಕಿಕೊಂಡರೆ ಗೆರೆ ಹಾವಿನಂತೆ ಹೊರಳುತ್ತದೆ.

ಚೀಲ ಹಿಡಿಯುವುದನ್ನು ಇಲ್ಲಿಯೇ ಸರಿಯಾಗಿ ಕಲಿಯಿರಿ, ಆಮೇಲೆ ತಪ್ಪು ಅಭ್ಯಾಸ ಬಿಡಿಸುವುದು ಕಷ್ಟ. ಚೀಲವನ್ನು ಉದ್ದ ಲೋಟದೊಳಗೆ ನಿಲ್ಲಿಸಿ, ಬಾಯಿಯನ್ನು ಲೋಟದ ಅಂಚಿಗೆ ಮಡಚಿ, ಅರ್ಧದಷ್ಟೇ ತುಂಬಿ. ಪೂರ್ತಿ ತುಂಬಿದರೆ ಹಿಂದಿನಿಂದ ಉಕ್ಕಿ ಮೊಣಕೈವರೆಗೆ ಬರುತ್ತದೆ. ಮೇಲ್ಭಾಗವನ್ನು ತಿರುಚಿ, ಆ ತಿರುಚಿದ ಕುತ್ತಿಗೆಯನ್ನು ಹೆಬ್ಬೆರಳು ಮತ್ತು ತೋರುಬೆರಳ ಸಂದಿನಲ್ಲಿ ಬಂಧಿಸಿ. ಒತ್ತುವುದು ಅಂಗೈ. ಇನ್ನೊಂದು ಕೈಯ ತೋರುಬೆರಳು ನಾಜಲಿನ ಹತ್ತಿರ ಸುಮ್ಮನೆ ತಾಗಿಕೊಂಡಿರಬೇಕು. ಅದು ಚುಕ್ಕಾಣಿ ಮಾತ್ರ, ಒತ್ತಬಾರದು.

ಈಗ ಸ್ಟೀಲ್ ಬಟ್ಟಲೊಂದನ್ನು ಮಗುಚಿಡಿ. ಚೀಲವನ್ನು ನೆಟ್ಟಗೆ ಹಿಡಿದು ಬಟ್ಟಲಿನ ಮೇಲೆ ಚುಕ್ಕಿಗಳನ್ನಿಡಿ. ಒತ್ತಿ, ಒತ್ತುವುದನ್ನು ನಿಲ್ಲಿಸಿ, ಆಮೇಲೆ ಎತ್ತಿ. ಈ ಮೂರು ಬೇರೆ ಬೇರೆ ಕ್ರಿಯೆಗಳು. ಒತ್ತುತ್ತಲೇ ಎತ್ತಿದರೆ ಪ್ರತಿ ಚುಕ್ಕಿಗೂ ಇಲಿಯ ಬಾಲ ಬರುತ್ತದೆ. ಮೊದಲ ದಿನ ನೂರು ಚುಕ್ಕಿಯಿಟ್ಟರೆ ತೊಂಬತ್ತಕ್ಕೆ ಬಾಲವಿರುತ್ತದೆ, ನಾಲ್ಕನೇ ದಿನದ ಹೊತ್ತಿಗೆ ಬಾಲ ತಾನಾಗಿ ಉದುರುತ್ತದೆ. ಬಾಲವಿಲ್ಲದ ಚುಕ್ಕಿಗಳನ್ನು ಒತ್ತೊತ್ತಾಗಿ ಸಾಲಿಟ್ಟರೆ ಅದೇ ಮಣಿಸರದ ಅಂಚು. ಬಣ್ಣ ಹೇಗೆ ಜೋಡಿಸಬೇಕೆಂದು ತೋಚದಿದ್ದರೆ ಅಂಕೋಲಾ ಪೇಟೆಯಲ್ಲಿ ತರಕಾರಿ ಮಾರುವ ಹಾಲಕ್ಕಿ ಸಮುದಾಯದ ಹೆಂಗಸರ ಕೊರಳನ್ನು ನೆನಪಿಸಿಕೊಳ್ಳಿ. ಹಳದಿ, ಕೆಂಪು, ಕಪ್ಪು ಸರಗಳು ಒಂದರ ಮೇಲೊಂದು ಕೂರುವ ಆ ಧೈರ್ಯ ಯಾವ ಬೇಕರಿ ಪುಸ್ತಕದಲ್ಲೂ ಇಲ್ಲ.

ಚುಕ್ಕಿಯ ನಂತರ ಚೀಲವನ್ನು 45 ಡಿಗ್ರಿಗೆ ಓರೆಮಾಡಿ ಶಂಖದ ಅಂಚು: ಒತ್ತಿ ಉಬ್ಬಿಸಿ, ಒತ್ತಡ ಸಡಿಲಿಸುತ್ತ ನಿಮ್ಮ ಕಡೆಗೆ ಎಳೆದು, ನಿಲ್ಲಿಸಿ. ಮುಂದಿನ ಶಂಖ ಹಿಂದಿನದರ ಬಾಲದ ಮೇಲೆ ಕೂರಬೇಕು. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಅದಕ್ಕಿಂತ ಹೆಚ್ಚಾದರೆ ಮಣಿಕಟ್ಟು ನೋಯುತ್ತದೆ, ಮರುದಿನ ಚೀಲ ಮುಟ್ಟಲು ಮನಸ್ಸಾಗುವುದಿಲ್ಲ.

ಪೆಟ್ಟಿಗೆಯಲ್ಲಿ ಏನಿರಲಿ, ಏನು ಬೇಡ

ನಾಜಲುಗಳಿಗೆ ಜಗತ್ತಿನಾದ್ಯಂತ ಹೆಚ್ಚುಕಮ್ಮಿ ಒಂದೇ ಸಂಖ್ಯೆ. 1929ರಲ್ಲಿ ಷಿಕಾಗೋದಲ್ಲಿ ಶುರುವಾದ ವಿಲ್ಟನ್ ಕಂಪನಿಯ ಸಂಖ್ಯೆಗಳೇ ರೂಢಿಗೆ ಬಂದುಬಿಟ್ಟಿವೆ. ನಲವತ್ತೆಂಟು ತುಂಡಿನ ಸೆಟ್ ನೋಡಿ ಮರುಳಾಗಬೇಡಿ. ನಾಲ್ಕು ಸಾಕು: ದೊಡ್ಡ ನಕ್ಷತ್ರ 1ಎಂ, ಗುಲಾಬಿ ಎಸಳಿಗೆ 104, ಎಲೆಗೆ 352, ಅಕ್ಷರ ಮತ್ತು ಚುಕ್ಕಿಗೆ 3. ಇವಿಷ್ಟು ಒಂದು ಸಣ್ಣ ಡಬ್ಬಿಯಲ್ಲಿ ಕೂರುತ್ತವೆ, ಇಲ್ಲಿಂದಲೇ ಒಯ್ಯಬಹುದು. ಏಲಕ್ಕಿಯನ್ನೂ ಒಯ್ಯಿರಿ, ಅಲ್ಲಿ ಅದರ ಬೆಲೆ ನೋಡಿದರೆ ನಮ್ಮ ತೋಟದವರಿಗೆ ಕಣ್ಣು ತುಂಬಿ ಬರುತ್ತದೆ. ಆದರೆ ಬ್ರಿಟನ್ನಿಗಾದರೆ ತುಪ್ಪ, ಪೇಡೆ, ಖೋವಾ ಕಟ್ಟಬೇಡಿ. ಭಾರತದಿಂದ ಹಾಲಿನ ಪದಾರ್ಥ ತರಲು ಅಲ್ಲಿ ಅವಕಾಶವಿಲ್ಲ.

ಕೇಕ್ ಇಟ್ಟು ತಿರುಗಿಸುವ ಪೀಠಕ್ಕೆ ಹಣ ಹಾಕುವ ಮುಂಚೆ ಹಾಸ್ಟೆಲಿನ ಮೈಕ್ರೋವೇವ್ ಬಾಗಿಲು ತೆಗೆದು ನೋಡಿ. ಗಾಜಿನ ತಟ್ಟೆ, ಅದರಡಿ ಚಕ್ರಗಳಿರುವ ಉಂಗುರ. ಎರಡನ್ನೂ ಮೇಜಿನ ಮೇಲಿಟ್ಟರೆ ಪೀಠ ಸಿದ್ಧ. ಕೆಲಸ ಮುಗಿದ ಮೇಲೆ ತೊಳೆದು ವಾಪಸಿಡಿ, ಇಲ್ಲದಿದ್ದರೆ ಫ್ಲಾಟಿನ ವಾಟ್ಸಾಪ್ ಗುಂಪಿನಲ್ಲಿ ಮಹಾಭಾರತವಾಗುತ್ತದೆ. ಬದಿ ನಯಮಾಡಲು ಹೊಸ ಸ್ಟೀಲ್ ಸ್ಕೇಲು. ಟಿನ್ನುಗಳು ಅಲ್ಲಿನ ಹಳೇ ಸಾಮಾನಿನ ಚಾರಿಟಿ ಅಂಗಡಿಗಳಲ್ಲಿ ಪುಡಿಗಾಸಿಗೆ ಸಿಗುತ್ತವೆ. ದುಡ್ಡು ಕೊಟ್ಟು ಕೊಳ್ಳಲೇಬೇಕಾದದ್ದು ಡಿಜಿಟಲ್ ತಕ್ಕಡಿ ಮತ್ತು ಕೈಬೀಟರು.

ಅಂಗಡಿಯಲ್ಲಿ ಲೇಬಲ್ ಓದುವುದು

ಬೆಣ್ಣೆ ಉಪ್ಪಿಲ್ಲದ್ದು, ಕಾಗದದಲ್ಲಿ ಸುತ್ತಿದ ಇಟ್ಟಿಗೆಯಂಥದ್ದು ಬೇಕು. ಡಬ್ಬಿಯಲ್ಲಿ ಬರುವ 'ಸ್ಪ್ರೆಡಬಲ್' ಬೇಡ, ಅದರಲ್ಲಿ ಎಣ್ಣೆ ಬೆರೆಸಿರುತ್ತಾರೆ, ಹೂವು ನಿಲ್ಲುವುದಿಲ್ಲ. ಸಕ್ಕರೆಯಲ್ಲಿ 'ಐಸಿಂಗ್ ಶುಗರ್' ಎಂದಿರುವುದನ್ನೇ ತನ್ನಿ, 'ಕಾಸ್ಟರ್' ಅಂದರೆ ಸಣ್ಣ ಹರಳು. ಅಮೆರಿಕಕ್ಕೆ ಹೋದವರು ಇದನ್ನೇ 'ಪೌಡರ್ಡ್ ಶುಗರ್' ಎಂದು ಹುಡುಕಬೇಕು.

ನಮ್ಮಂಥ ಮೊಟ್ಟೆ ಮಾಂಸ ಮುಟ್ಟದ ಮನೆಯವರಿಗೆ ಇನ್ನೆರಡು ಮಾತು. ಕೆಂಪು, ಗುಲಾಬಿ ಬಣ್ಣದ ಡಬ್ಬಿಯಲ್ಲಿ 'ಇ120' ಅಂತಿದ್ದರೆ ಅದು ಕಾಕಿನೀಲ್ ಎಂಬ ಹುಳದಿಂದ ತೆಗೆದ ಬಣ್ಣ. ಮಾರ್ಷ್‌ಮ್ಯಾಲೋ, ಕೆಲವು ಅಲಂಕಾರದ ಮಿಠಾಯಿಗಳಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಾಟಿನ್ ಇರುತ್ತದೆ. 'ಸಸ್ಯಾಹಾರಿಗಳಿಗೆ ಸೂಕ್ತ' ಎಂಬ ಗುರುತು ನೋಡಿ ತಗೊಂಡರೆ ತಲೆನೋವಿಲ್ಲ. ಮೂರು ತಿಂಗಳು ನಾನು ಇದನ್ನು ತಿಳಿಯದೆ ಗುಲಾಬಿ ಹೂ ಬಿಡಿಸಿದ್ದೆ. ಊರಲ್ಲಿ ಇನ್ನೂ ಹೇಳಿಲ್ಲ.

ಮೊಟ್ಟೆಯಿಲ್ಲದ ಒಂದು ಕೇಕ್

ಅಂಗಡಿಯ ಸಾದಾ ಸ್ಪಂಜ್ ತಂದು ಅದರ ಮೇಲೆ ಕೆಲಸ ಮಾಡಿದರೂ ತಪ್ಪೇನಿಲ್ಲ. ಬೇಯಿಸಲೇಬೇಕೆಂದರೆ ಕೈಕೊಡದ ಲೆಕ್ಕ ಇದು: 240 ಗ್ರಾಂ ಮೊಸರಿಗೆ ಒಂದೂಕಾಲು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಸೋಡಾ ಹಾಕಿ ಐದು ನಿಮಿಷ ಬಿಡಿ, ನೊರೆಯೆದ್ದು ಉಬ್ಬುತ್ತದೆ. 150 ಗ್ರಾಂ ಸಕ್ಕರೆ, 120 ಮಿಲಿ ವಾಸನೆಯಿಲ್ಲದ ಎಣ್ಣೆ, ನಾಲ್ಕು ಏಲಕ್ಕಿಯ ಪುಡಿ ಸೇರಿಸಿ, ಕೊನೆಯಲ್ಲಿ 190 ಗ್ರಾಂ ಮೈದಾ. ಮೈದಾ ಬಿದ್ದ ಮೇಲೆ ಹೆಚ್ಚು ತಿರುವಬೇಡಿ. 15 ಸೆಂ.ಮೀ.ನ ಎರಡು ಟಿನ್ನಿಗೆ ಹಾಕಿ 180 ಡಿಗ್ರಿಯಲ್ಲಿ ಅರ್ಧ ಗಂಟೆ. ಓವನ್ನಿಗೆ ಫ್ಯಾನ್ ಇದ್ದರೆ 160 ಸಾಕು. ಅಲ್ಲಿನ 'ಪ್ಲೇನ್ ಫ್ಲೋರ್' ನಮ್ಮ ಮೈದಾಕ್ಕೆ ಹತ್ತಿರ. 'ಸೆಲ್ಫ್ ರೈಸಿಂಗ್'ನಲ್ಲಿ ಬೇಕಿಂಗ್ ಪೌಡರ್ ಮೊದಲೇ ಇರುವುದರಿಂದ ಈ ಲೆಕ್ಕಕ್ಕೆ ಹೊಂದುವುದಿಲ್ಲ. ಗ್ರೀಕ್ ಮೊಸರಾದರೆ ಸ್ವಲ್ಪ ಹಾಲು ಬೆರೆಸಿ ತೆಳುಮಾಡಿ.

ಬಿಸಿ ಕೇಕಿಗೆ ಕ್ರೀಮ್ ಹಚ್ಚುವ ಆತುರ ಬೇಡ. ರಾತ್ರಿ ಬೇಯಿಸಿ, ಸುತ್ತಿ ಫ್ರಿಜ್ಜಿನಲ್ಲಿಟ್ಟು, ಮರುದಿನ ಸಂಜೆ ಅಲಂಕರಿಸಿ. ಓದಿನ ದಿನಚರಿಗೂ ಇದು ಹೊಂದುತ್ತದೆ.

ಬಟರ್‌ಕ್ರೀಮಿನ ಹದ

150 ಗ್ರಾಂ ಬೆಣ್ಣೆಗೆ 300 ಗ್ರಾಂ ಐಸಿಂಗ್ ಶುಗರ್, ಒಂದೆರಡು ಚಮಚ ಹಾಲು, ಚಿಟಿಕೆ ಉಪ್ಪು. ಬೆಣ್ಣೆಯನ್ನು ಒತ್ತಿದರೆ ಬೆರಳು ಇಳಿಯಬೇಕು, ಆದರೆ ಬೆರಳಿಗೆ ಜಿಡ್ಡಿನ ಹೊಳಪು ಹತ್ತಬಾರದು. 18ರಿಂದ 20 ಡಿಗ್ರಿ. ಅಲ್ಲಿಯ ಚಳಿಗಾಲದ ಅಡುಗೆಮನೆ ಇದಕ್ಕೆ ಹೇಳಿ ಮಾಡಿಸಿದ ಜಾಗ. ಮೊದಲು ಬೆಣ್ಣೆಯೊಂದನ್ನೇ ಐದು ನಿಮಿಷ ಬೀಟ್ ಮಾಡಿ. ಹಳದಿ ಬಣ್ಣ ಇಳಿದು ಕೆನೆಬಿಳಿಗೆ ತಿರುಗಬೇಕು. ಆಮೇಲೆ ಸಕ್ಕರೆಯನ್ನು ಮೂರು ಕಂತಿನಲ್ಲಿ, ಪಾತ್ರೆಯ ಮೇಲೆ ಒದ್ದೆಬಟ್ಟೆ ಮುಚ್ಚಿಕೊಂಡು ಹಾಕಿ. ಬಟ್ಟೆಯಿಲ್ಲದೆ ಬೀಟರ್ ಒತ್ತಿದರೆ ಸಕ್ಕರೆ ಹೊಗೆಯಂತೆ ಎದ್ದು ಇಡೀ ಅಡುಗೆಮನೆಗೆ ವಿಭೂತಿ ಬಳಿಯುತ್ತದೆ.

ಮೊಸರಿನಂತೆ ಒಡೆದು ಕಾಣಿಸಿದರೆ ತಣ್ಣಗಾಗಿದೆ ಎಂದರ್ಥ. ಪಾತ್ರೆಯ ತಳವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ನಿಮಿಷ ಹಿಡಿದು ಮತ್ತೆ ಬೀಟ್ ಮಾಡಿ. ಪಾಯಸದಂತೆ ಇಳಿದರೆ ಬಿಸಿಯಾಗಿದೆ, ಹತ್ತು ನಿಮಿಷ ಫ್ರಿಜ್ಜಿಗೆ. ಬಹುತೇಕ ಎಲ್ಲ ತಪ್ಪೂ ಈ ಎರಡರಲ್ಲೊಂದು. ಕೈಯ ಬಿಸಿಯೂ ಲೆಕ್ಕಕ್ಕೆ ಬರುತ್ತದೆ, ಚೀಲ ಹಿಡಿದು ಹತ್ತು ನಿಮಿಷವಾದ ಮೇಲೆ ಹೂವಿನ ಅಂಚು ಮೆತ್ತಗಾದರೆ ಚೀಲವನ್ನು ತಣ್ಣಗೆ ಮಲಗಿಸಿ ನೀವು ಚಹ ಕುಡಿಯಿರಿ.

ಗಾರೆ ಕೆಲಸ

ಕೇಕನ್ನು ಅಡ್ಡ ಕೊಯ್ದು, ನಡುವೆ ಕ್ರೀಮ್ ಸವರಿ ಜೋಡಿಸಿ. ಮೊದಲ ಲೇಪ ತೀರಾ ತೆಳುವಾಗಿ, ಒಳಗಿನ ಕೇಕ್ ಕಾಣುವಷ್ಟು. ಉದುರುವ ಪುಡಿಯನ್ನು ಹಿಡಿದಿಡುವುದಷ್ಟೇ ಇದರ ಕೆಲಸ. ಇಪ್ಪತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟು ಗಟ್ಟಿಮಾಡಿ, ಆಮೇಲೆ ಎರಡನೇ ದಪ್ಪ ಲೇಪ. ಸ್ಕೇಲನ್ನು ಕೇಕಿನ ಬದಿಗೆ ನೆಟ್ಟಗೆ ಹಿಡಿದು, ಆ ಕೈಯನ್ನು ಅಲುಗಿಸದೆ ಪೀಠವನ್ನು ತಿರುಗಿಸಿ. ಹೊಸಬರು ಪೀಠ ಹಿಡಿದು ಸ್ಕೇಲ್ ಓಡಿಸುತ್ತಾರೆ. ಅಲ್ಲೇ ಎಡವುವುದು. ಕುಂಬಾರ ತಿಗರಿಯ ಸುತ್ತ ಓಡುವುದಿಲ್ಲವಲ್ಲ.

ನನ್ನ ಮೊದಲ ಕೇಕನ್ನು ವಿಡಿಯೋ ಕಾಲ್‌ನಲ್ಲಿ ತೋರಿಸಿದಾಗ ಆಯಿ ಹೇಳಿದ್ದು, 'ಗೋಡೆಗೆ ಸುಣ್ಣ ಬಳದಾಂಗೆ ಆಜಲೋ ತಮಾ.' ನಾನು ಅದನ್ನು ಹೊಗಳಿಕೆಯೆಂದೇ ತಗೊಂಡೆ. ಸುಣ್ಣದ ಗೋಡೆಯ ವಿಚಾರಕ್ಕೆ ಕೊನೆಯಲ್ಲಿ ಬರುತ್ತೇನೆ.

ಗುಲಾಬಿ

1ಎಂ ನಾಜಲಿನ ಸುರುಳಿ ಹೂವು ಐದು ನಿಮಿಷದ ವಿದ್ಯೆ: ನಡುವಿನಿಂದ ಶುರುಮಾಡಿ ಒಂದೂವರೆ ಸುತ್ತು, ಒತ್ತಡ ನಿಲ್ಲಿಸಿ ಬಾಲವನ್ನು ಮುಂದಿನ ಹೂವಿನಡಿ ಅಡಗಿಸಿ. ಅಷ್ಟೆ.

ಎಸಳೆಸಳಿನ ಗುಲಾಬಿ ಬೇರೆ. 104ರ ಬಾಯಿ ನೀರಹನಿಯಂತೆ, ಒಂದು ಕಡೆ ಅಗಲ, ಇನ್ನೊಂದು ಕಡೆ ಚೂಪು. ಅಗಲದ ತುದಿ ಕೆಳಗೆ, ಚೂಪು ಮೇಲೆ. ಇದು ತಿರುಗುಮುರುಗಾದರೆ ಅಂಚು ದಪ್ಪವಾಗಿ ಗುಲಾಬಿಯಲ್ಲ, ಎಲೆಕೋಸು ಆಗುತ್ತದೆ. ಸಣ್ಣ ಚೌಕ ಬೇಕಿಂಗ್ ಕಾಗದವನ್ನು ಬಾಟಲಿ ಮುಚ್ಚಳಕ್ಕೆ ಒಂದು ಬೊಟ್ಟು ಕ್ರೀಮಿನಲ್ಲಿ ಅಂಟಿಸಿ, ಎಡಗೈಯ ಬೆರಳುಗಳಲ್ಲಿ ಹಿಡಿಯಿರಿ. ನಡುವೆ ಶಂಕುವಿನಂತೆ ಗಟ್ಟಿ ಗುಡ್ಡೆ. ಅದರ ತುದಿಗೆ ಒಂದು ಪಟ್ಟಿ ಸುತ್ತಿ ಮೊಗ್ಗು ಮಾಡಿ. ಅದರ ಸುತ್ತ ಮೂರು ಎಸಳು, ನಾಜಲ್ ನೆಟ್ಟಗೆ, ಪ್ರತಿ ಎಸಳೂ ಕಾಮನಬಿಲ್ಲಿನಂತೆ ಮೇಲೆದ್ದು ಇಳಿಯಬೇಕು. ಆಮೇಲೆ ಐದು ಎಸಳು, ನಾಜಲನ್ನು ಸ್ವಲ್ಪ ಹೊರಗೆ ಬಾಗಿಸಿ. ಕೊನೆಗೆ ಏಳು, ಇನ್ನೂ ಬಾಗಿಸಿ. ಪ್ರತಿ ಎಸಳು ಹಿಂದಿನದರ ಅರ್ಧದಿಂದ ಶುರುವಾಗಬೇಕು. ಬಲಗೈ ಎಸಳಿನ ಬಿಲ್ಲು ಬಿಡಿಸುತ್ತಿರುವಾಗ ಎಡಗೈ ಮುಚ್ಚಳವನ್ನು ಎದುರಿಗೆ ತಿರುಗಿಸುತ್ತಿರಬೇಕು. ಈ ಎರಡು ಕೈಗಳ ಜುಗಲಬಂದಿ ಕೂಡಿಬರಲು ನನಗೆ ಮೂವತ್ತು ನಲವತ್ತು ಎಲೆಕೋಸು ಬೇಕಾದವು. ಪರೀಕ್ಷೆಯ ವಾರದಲ್ಲಿ ಇದರಷ್ಟು ತಲೆ ಖಾಲಿಮಾಡಿದ್ದು ಬೇರೊಂದಿಲ್ಲ. ಮೂರು, ಐದು, ಏಳು ಅಂತ ಎಣಿಸುತ್ತಿರುವಾಗ ಡಿಸರ್ಟೇಶನ್ ನೆನಪಾಗುವುದಿಲ್ಲ.

ಮುಗಿದ ಹೂವನ್ನು ಕಾಗದದ ಸಮೇತ ಫ್ರೀಜರಿನಲ್ಲಿಡಿ. ಗಟ್ಟಿಯಾದ ಮೇಲೆ ಕಿತ್ತು ಕೇಕಿನ ಮೇಲೆ ಬೇಕಾದಲ್ಲಿ ಕೂರಿಸಬಹುದು.

ಕನ್ನಡದಲ್ಲಿ ಬರೆಯುವುದು

ಇಂಗ್ಲಿಷಿನ ದೊಡ್ಡಕ್ಷರಗಳ ಮೂಲೆಗಳಿಗಿಂತ ನಮ್ಮ ದುಂಡಕ್ಷರ ಕ್ರೀಮಿಗೆ ಚೆನ್ನಾಗಿ ಒಗ್ಗುತ್ತದೆ. ಕ್ರೀಮಿನ ಎಳೆ ತಾನಾಗಿಯೇ ಬಾಗಲು ಬಯಸುತ್ತದೆ. ಸಮಸ್ಯೆ ಇರುವುದು ಒತ್ತಿನಲ್ಲಿ. 'ಶುಭಾಶಯ' ಎಂದು ಬರೆಯಿರಿ, ಒಂದೂ ಒತ್ತಕ್ಷರವಿಲ್ಲ, ಸರಾಗ. 'ಹುಟ್ಟುಹಬ್ಬ' ಎಂದು ಬರೆಯಲು ಹೋದಿರೋ, ಕೆಳಗೆ ಎರಡು ಒತ್ತು ನೇತಾಡುತ್ತವೆ. ಇನ್ನು ಅಮ್ಮ, ಅಪ್ಪ, ಅಕ್ಕ, ಅಣ್ಣ, ತಮ್ಮ, ಅಜ್ಜಿ: ನಾವು ಯಾರಿಗೆ ಕೇಕ್ ಮಾಡುತ್ತೇವೋ ಅವರಿಗೆಲ್ಲ ಒತ್ತು ಇದ್ದೇ ಇದೆ. ಒಡಹುಟ್ಟಿದವರಲ್ಲಿ ತಂಗಿಯೊಬ್ಬಳೇ ಪಾರು.

ಹಾಗಾಗಿ ಕೇಕಿನ ಮುಖವನ್ನು ಹಲ್ಲುಕಡ್ಡಿಯಿಂದ ಮೂರು ಪಾಲು ಮಾಡಿಕೊಂಡು, ಅಕ್ಷರದ ಸಾಲನ್ನು ನಡುಗೆರೆಗಿಂತ ಮೇಲೆ ಹಿಡಿಯಿರಿ. ಒತ್ತಿಗೆ ಅಕ್ಷರದ ಅರ್ಧದಷ್ಟು ಎತ್ತರ ಬಿಡಿ. ಅಂಚಿನ ಅಲಂಕಾರವನ್ನು ಬರೆದಾದ ಮೇಲೆಯೇ ಮಾಡಿ. ಅಮ್ಮನ ಹುಟ್ಟುಹಬ್ಬಕ್ಕೆ ನಾನು ಮೊದಲೇ ಶಂಖದ ಅಂಚು ಹಾಕಿಬಿಟ್ಟಿದ್ದೆ. 'ಮ್ಮ'ದ ಒತ್ತು ಶಂಖಗಳ ನಡುವೆ ಮುಳುಗಿ, ವಿಡಿಯೋದಲ್ಲಿ ಬರೀ 'ಅಮ' ಕಾಣಿಸಿತು.

ಕ್ರೀಮನ್ನು ನಾಲ್ಕು ಹನಿ ಹಾಲಿನಿಂದ ತೆಳುಮಾಡಿ, 3ನೇ ನಾಜಲಿನಲ್ಲಿ ತುಂಬಿ. ಬರೆಯುವ ನಡುವೆ ನಾಜಲ್ ಕೇಕನ್ನು ಮುಟ್ಟಬಾರದು. ತುದಿಯನ್ನು ತಾಗಿಸಿ ಶುರುಮಾಡಿ, ಒಂದು ಸೆಂ.ಮೀ. ಮೇಲೆತ್ತಿ, ಎಳೆಯನ್ನು ಗಾಳಿಯಲ್ಲಿ ತೇಲಿಸುತ್ತ ಇಳಿಬಿಡಿ, ಕೊನೆಯಲ್ಲಿ ಮತ್ತೆ ತಾಗಿಸಿ ಕಡಿಯಿರಿ. ಜಿಲೇಬಿ ಸುತ್ತುವವರ ಕೈ ನೋಡಿ, ಅದೂ ಎಣ್ಣೆಯಿಂದ ಮೇಲೆಯೇ ಇರುತ್ತದೆ. 'ಕ', 'ಪ', 'ಶ'ಗಳಿಗೆ ತಲಕಟ್ಟನ್ನು ಕೊನೆಯಲ್ಲಿ, ಬೇರೆ ಎಳೆಯಾಗಿ ಹಾಕಿ. ಮೊದಲ ಅಭ್ಯಾಸಕ್ಕೆ ದೊಡ್ಡದಾಗಿ ಬರೆದ ಹಾಳೆಯ ಮೇಲೆ ಬೇಕಿಂಗ್ ಕಾಗದ ಹಾಸಿ ತಿದ್ದಿ, ಒಂದನೇ ಕ್ಲಾಸಿನ ಹಾಗೆ.

ಮಾರುವ ಯೋಚನೆ ಬಂದರೆ

ಬರುತ್ತದೆ. ಎರಡು ಚಂದದ ಕೇಕ್ ಮಾಡಿದೊಡನೆ ಯಾರಾದರೂ 'ದುಡ್ಡು ಕೊಡ್ತೇನೆ, ನನಗೂ ಮಾಡಿಕೊಡು' ಅನ್ನುತ್ತಾರೆ. ಬ್ರಿಟನ್ನಿನ ವಿದ್ಯಾರ್ಥಿ ವೀಸಾದಲ್ಲಿ ಸ್ವಂತ ವ್ಯಾಪಾರಕ್ಕೆ ಅವಕಾಶವಿಲ್ಲ, ಕೇಕ್ ಮಾರುವುದೂ ಅದರಲ್ಲೇ ಬರುತ್ತದೆ. ಬೇರೆ ದೇಶವಾದರೆ ಅಲ್ಲಿಯ ನಿಯಮ ಓದಿಕೊಳ್ಳಿ. ಹಂಚಿ ತಿನ್ನಿ. ಸಣ್ಣದಾಗಿ ಮಾಡಿದರೆ ಖರ್ಚೂ ಕಮ್ಮಿ. 10 ಸೆಂ.ಮೀ. ಅಗಲದ ಬೆಂಟೋ ಕೇಕು, ಕೊರಿಯಾದಿಂದ ಹಬ್ಬಿದ ಆ ಊಟದ ಡಬ್ಬಿ ಕೇಕು, ವಿದ್ಯಾರ್ಥಿಯ ಫ್ರಿಜ್ಜಿನ ಒಂದೇ ಶೆಲ್ಫಿಗೆ ಹೇಳಿ ಮಾಡಿಸಿದ ಅಳತೆ.

ಊರಿಗೆ ಬಂದ ಮೇಲೆ: ಕಾರವಾರದ ಸೆಖೆ

ಅಲ್ಲಿ ಕಲಿತ ಬಟರ್‌ಕ್ರೀಮ್ ಇಲ್ಲಿ ನಿಲ್ಲುವುದಿಲ್ಲ. ಬೆಣ್ಣೆ ಕರಗುವುದು 32ರಿಂದ 35 ಡಿಗ್ರಿಯೊಳಗೆ, ಏಪ್ರಿಲಿನ ಕಾರವಾರವೂ ಅಲ್ಲೇ ಇರುತ್ತದೆ. ಇದನ್ನು ನಾನು ಕಲಿತದ್ದು ಬಸ್ಸಿನಲ್ಲಿ. ಕಾರವಾರದಲ್ಲಿ ಕೆಲಸಕ್ಕೆ ಸೇರಿದ ಹೊಸತು, ಗೆಳೆಯನ ನಿಶ್ಚಿತಾರ್ಥಕ್ಕೆಂದು ಸಿರಸಿ ಮನೆಯಲ್ಲಿ ಎರಡು ಅಂತಸ್ತಿನ ಗುಲಾಬಿ ಕೇಕ್ ಮಾಡಿ, ಮಡಿಲಲ್ಲಿಟ್ಟುಕೊಂಡು ಹನ್ನೊಂದರ ಬಸ್ ಹತ್ತಿದೆ. ಸಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ, ಕುಮಟೆ ಸಮುದ್ರದ ಪಕ್ಕ, ನಡುವೆ ದೇವಿಮನೆ ಘಟ್ಟ. ಘಟ್ಟದ ಒಂದೊಂದು ತಿರುವಿಗೂ ಮೇಲಿನ ಅಂತಸ್ತು ಬೆರಳಗಲ ಸರಿಯಿತು. ಕುಮಟೆಗೆ ಬರುವ ಹೊತ್ತಿಗೆ ಪೆಟ್ಟಿಗೆಯ ಗಾಜುಕಾಗದಕ್ಕೆ ಗುಲಾಬಿಗಳು ಮುಖ ಒತ್ತಿಕೊಂಡಿದ್ದವು. ಪಕ್ಕದ ಸೀಟಿನ ಅಜ್ಜ, 'ಬೆಣ್ಣೆಯೋ?' ಎಂದು ಕೇಳಿದ. ಹೌದೆಂದೆ. 'ಮತ್ತೆ!' ಎಂದು ಕಿಟಕಿ ಕಡೆ ತಿರುಗಿದ.

ಈಗ ಹೀಗೆ ಮಾಡುತ್ತೇನೆ. ಕೇಕನ್ನು ಬರೀ ಮೈಯಲ್ಲಿ ಒಯ್ಯುವುದು, ಕ್ರೀಮ್ ಪ್ರತ್ಯೇಕ ತಣ್ಣನೆ ಡಬ್ಬಿಯಲ್ಲಿ, ಅಲಂಕಾರ ಹೋದ ಜಾಗದಲ್ಲಿ. ಕೆಳಗಿನ ಅಂತಸ್ತಿನೊಳಗೆ ದಪ್ಪ ಸ್ಟ್ರಾ ನಾಲ್ಕು ಕಂಬವಾಗಿ ನೆಟ್ಟು, ಮೇಲಿನ ಕೇಕಿಗೆ ತೆಳು ರಟ್ಟಿನ ತಳ. ಬೇಸಿಗೆಯಲ್ಲಿ ಬೆಣ್ಣೆಯ ಅರ್ಧಕ್ಕೆ ವನಸ್ಪತಿ. ಇಲ್ಲವೇ ಬಟರ್‌ಕ್ರೀಮ್ ಬಿಟ್ಟು ಗನಾಶ್: ಎರಡು ಪಾಲು ಡಾರ್ಕ್ ಚಾಕೊಲೇಟಿಗೆ ಒಂದು ಪಾಲು ಬಿಸಿ ಕ್ರೀಮ್, ಬಿಳಿ ಚಾಕೊಲೇಟಾದರೆ ಮೂರಕ್ಕೆ ಒಂದು. ಗನಾಶಿಗೆ ಪೊಟ್ಟಣದ ಸಾದಾ ಫ್ರೆಶ್ ಕ್ರೀಮ್ ನಡೆಯುತ್ತದೆ. ಆದರೆ ಅದನ್ನೇ ಬೀಟ್ ಮಾಡಿ ಹೂ ಬಿಡಿಸಲು ಹೊರಡಬೇಡಿ. ಅದರಲ್ಲಿ ಕೊಬ್ಬು 25 ಪ್ರತಿಶತ ಮಾತ್ರ, ನೊರೆ ನಿಲ್ಲಲು 30ಕ್ಕೂ ಮೇಲೆ ಬೇಕು. ಬ್ರಿಟನ್ನಿನ ಡಬಲ್ ಕ್ರೀಮಿನಲ್ಲಿ 48 ಇರುತ್ತದೆ, ಅದಕ್ಕೇ ಅಲ್ಲಿ ಅಷ್ಟು ಸಲೀಸು. ಇಲ್ಲಿನ ಬೇಕರಿಗಳು ಬಳಸುವ ನಾನ್-ಡೈರಿ ಕ್ರೀಮ್ ಫ್ರೀಜರಿನಿಂದ ಫ್ರಿಜ್ಜಿಗಿಳಿಸಿ, ಚಳಿ ಬಿಡುವ ಮುಂಚೆ ಬೀಟ್ ಮಾಡಿದರೆ ಸೆಖೆಗೂ ಜಗ್ಗುವುದಿಲ್ಲ. ರುಚಿ ಮಾತ್ರ ಬೆಣ್ಣೆಯ ಹತ್ತಿರವೂ ಸುಳಿಯದು.

ಮಳೆಗಾಲದಲ್ಲಿ ಫಾಂಡಂಟ್, ಅಂದರೆ ಕೇಕಿಗೆ ಹೊದಿಸುವ ಸಕ್ಕರೆಯ ಕಣಕ, ಮುಟ್ಟಬೇಡಿ. ಸಕ್ಕರೆ ಗಾಳಿಯ ತೇವ ಕುಡಿದು ಬೆವರುತ್ತದೆ, ಫ್ರಿಜ್ಜಿನಿಂದ ತೆಗೆದ ಕೂಡಲೇ ಅಳಲು ಶುರು.

ಕಾವಿ ಕೇಕ್

ಅಂಕೋಲಾ, ಕುಮಟಾ ಕಡೆಯ ಹಳೇ ದೇವಸ್ಥಾನದ ಗೋಡೆಗಳಲ್ಲಿ ಬಿಳಿ ಮೇಲೆ ಇಟ್ಟಿಗೆಗೆಂಪಿನ ಬಳ್ಳಿ, ನವಿಲು, ದೇವರ ಚಿತ್ರ ನೋಡಿರುತ್ತೀರಿ. ಕಾವಿ ಕಲೆ. ಬಣ್ಣದಲ್ಲಿ ಬರೆದದ್ದಲ್ಲ ಅದು. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಲೇಪ ಕೊಟ್ಟು, ಹಸಿಯಿರುವಾಗಲೇ ಉಕ್ಕಿನ ಚೂಪು ಕಡ್ಡಿಯಿಂದ ಕೆರೆದು ಕೆಳಗಿನ ಬಿಳಿಯನ್ನು ಹೊರತೆಗೆದದ್ದು. ಇದನ್ನು ಓದಿದ ದಿನ ನನಗೆ ಹೊಳೆದದ್ದು ಶೆಫೀಲ್ಡಿನ ಆ ಚಾಕು.

ಬಿಳಿ ಬಟರ್‌ಕ್ರೀಮಿಗೆ ಹಲ್ಲುಕಡ್ಡಿಯ ತುದಿಯಷ್ಟು ನೇರಳೆ ಜೆಲ್ ಬಣ್ಣ ಸೇರಿಸಿ. ನೇರಳೆ ಬೆಣ್ಣೆಯ ಹಳದಿಯನ್ನು ನುಂಗುತ್ತದೆ, ಸುಣ್ಣದ ಬಿಳುಪು ಬರುತ್ತದೆ. ಹೆಚ್ಚಾದರೆ ಬೂದು. ಇದನ್ನು ದಪ್ಪಗೆ ಹಚ್ಚಿ ನಯಮಾಡಿ, ಫ್ರಿಜ್ಜಿನಲ್ಲಿ ಪೂರ್ತಿ ಒಂದು ಗಂಟೆ. ಬೆರಳಲ್ಲಿ ಒತ್ತಿದರೆ ಗುರುತು ಬೀಳಬಾರದು.

ಕೆಮ್ಮಣ್ಣಿಗೆ ಬರೀ ಕೆಂಪು ಹಾಕಿದರೆ ಡಬ್ಬಿಯೇ ಖಾಲಿಯಾಗಿ ನಾಲಿಗೆಗೆ ಕಹಿ ಹತ್ತುತ್ತದೆ. ಕ್ರೀಮಿಗೆ ಮೊದಲು ಎರಡು ಚಮಚ ಕೋಕೋ ಪುಡಿ, ಆಮೇಲೆ ಕಿತ್ತಳೆ, ಕೊನೆಗೆ ಸ್ವಲ್ಪ ಕೆಂಪು. ಬೇಕಾದದ್ದಕ್ಕಿಂತ ಒಂದು ಮಟ್ಟ ತಿಳಿಯಾಗಿಯೇ ನಿಲ್ಲಿಸಿ, ಮುಚ್ಚಿಟ್ಟರೆ ರಾತ್ರಿಯೊಳಗೆ ಬಣ್ಣ ತಾನೇ ಗಾಢವಾಗುತ್ತದೆ. ಈ ಕೆಂಪು ಕ್ರೀಮ್ ಬಿಳಿಯದಕ್ಕಿಂತ ಮೆತ್ತಗಿರಬೇಕು. ತಣ್ಣಗಿರುವ ಬಿಳಿ ಗೋಡೆಯ ಮೇಲೆ ಒಂದೆರಡು ಮಿಲಿಮೀಟರಿನಷ್ಟು ತೆಳುವಾಗಿ, ಒಂದೇ ಬೀಸಿನಲ್ಲಿ ಸವರಿ. ಉಜ್ಜುತ್ತ ಕೂತರೆ ಎರಡೂ ಬೆರೆತು ಗುಲಾಬಿಯಾಗುತ್ತದೆ. ಹತ್ತು ನಿಮಿಷ ಮತ್ತೆ ಫ್ರಿಜ್ಜಿಗೆ.

ಈಗ ಹಲ್ಲುಕಡ್ಡಿಯನ್ನು ಪೆನ್ಸಿಲಿನಂತೆ ಓರೆ ಹಿಡಿದು ಕೆರೆಯಿರಿ. ಆಳ ಕೆಂಪಿನಷ್ಟೇ. ಕೆಂಪು ಸುರುಳಿಯಾಗಿ ಮೇಲೇಳುತ್ತದೆ, ಕೆಳಗೆ ಬೆಳ್ಳನೆ ಗೆರೆ. ಸುರುಳಿಯನ್ನು ಬೆರಳಿನಿಂದ ಒರೆಸಬೇಡಿ, ಒಣ ಕುಂಚದಿಂದ ಮೆಲ್ಲಗೆ ಜಾಡಿಸಿ. ಐದು ನಿಮಿಷಕ್ಕೊಮ್ಮೆ ಕಡ್ಡಿಯ ತುದಿ ಒರೆಸಿಕೊಳ್ಳಿ. ಮೊದಲಿಗೆ ಬಳ್ಳಿ, ಎಲೆ, ಜಾಲರಿ ಸಾಕು. ನವಿಲಿಗೆ ಕೈಹಾಕಿ ನಾನು ಎರಡು ಸಲ ಕೋಳಿ ಮಾಡಿದ್ದೇನೆ. ಕಾರವಾರದಲ್ಲಾದರೆ ಫ್ಯಾನ್ ಆರಿಸಿ ಏಸಿ ಕೋಣೆಯಲ್ಲಿ ಕೂರಿ, ಏಸಿ ಇಲ್ಲದಿದ್ದರೆ ಬೆಳಿಗ್ಗೆ ಐದೂವರೆಗೆ ಎದ್ದು ಏಳರೊಳಗೆ ಮುಗಿಸಿ.

ಜಾಡಿಸಿದ ಕೆಂಪು ಚೂರುಗಳನ್ನು ಚೆಲ್ಲಬೇಡಿ. ಮುಚ್ಚಳ ಬಿಗಿಯಿರುವ ಡಬ್ಬಿಯಲ್ಲಿ ಫ್ರೀಜರಿಗೆ ಹಾಕಿದರೆ ಮೂರು ತಿಂಗಳು ಇರುತ್ತದೆ. ಮುಂದಿನ ಕೇಕಿನ ಮೊದಲ ತೆಳು ಲೇಪಕ್ಕೆ ಅದೇ ಆಯಿತು, ಹೇಗೂ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.